ಫೋರ್ಟ್ ಕೊಚ್ಚಿಗೆ ಒಂದೇ ದಿನ: ಅಮ್ಮನ ಜೊತೆ ಏನೇನು ನೋಡಬಹುದು?

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಎರ್ನಾಕುಳಂನಲ್ಲಿ ಒಂದು ಮದುವೆ ಇದೆ, ಗುರುವಾರ. ಮರುದಿನ ಶುಕ್ರವಾರ ನಮಗೆ ಇಡೀ ದಿನ ಬಿಡುವು. ರಾತ್ರಿ ಬೆಂಗಳೂರಿಗೆ ರೈಲು. ಆ ಒಂದು ದಿನ ಫೋರ್ಟ್ ಕೊಚ್ಚಿ ನೋಡೋಣ ಅಂತ ಆಸೆ.

ಜೊತೆಗೆ ಅಮ್ಮ ಇರುತ್ತಾರೆ. ವಯಸ್ಸು 68, ಮಂಡಿ ನೋವಿದೆ. ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಅವರು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿದ್ದವರು. ವಾಸ್ಕೋ ಡ ಗಾಮನ ಪಾಠವನ್ನು ಮೂವತ್ತು ವರ್ಷ ಮಾಡಿದ್ದಾರೆ. ಅವನನ್ನು ಹೂಳಿದ ಜಾಗ ನೋಡಬೇಕು ಅಂತ ತುಂಬಾ ಹಳೆಯ ಆಸೆ.

ಯೂಟ್ಯೂಬ್ ನೋಡಿದರೆ ಒಂದೇ ದಿನದಲ್ಲಿ ಹದಿನೈದು ಜಾಗ ತೋರಿಸುತ್ತಾರೆ. ನಮಗೆ ಅಷ್ಟು ಬೇಡ. ಯಾವುದನ್ನು ಬಿಡಬಾರದು, ಯಾವುದನ್ನು ಬಿಟ್ಟರೂ ಪರವಾಗಿಲ್ಲ, ಹೋಗಿ ಬಂದವರು ಹೇಳ್ತೀರಾ?

ಉಪ್ಪುಗಾಳಿ

ಮೊದಲು ದಿನ ಬದಲಾಯಿಸಿ. ಶುಕ್ರವಾರ ಪಕ್ಕದ ಮಟ್ಟಂಚೇರಿಯ ಅರಮನೆಗೆ ರಜೆ. ಶನಿವಾರ ಯಹೂದಿಗಳ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ, ಹಾಗಾಗಿ ಅಲ್ಲಿನ ಸಿನಗಾಗ್ (ಅವರ ಪ್ರಾರ್ಥನಾ ಮಂದಿರ) ಮುಚ್ಚಿರುತ್ತದೆ. ಶುಕ್ರವಾರವೂ ಅಲ್ಲಿ ಒಳಗೆ ಹೋಗುವುದು ಅನುಮಾನ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪ್ರಾರ್ಥನೆ, ಓಡಾಡಿ ನೋಡಲು ಆಗುವುದಿಲ್ಲ. ಸೋಮವಾರದಿಂದ ಗುರುವಾರದ ಒಳಗೆ ಒಂದು ದಿನ ಸಿಕ್ಕರೆ ಎಲ್ಲವೂ ತೆರೆದಿರುತ್ತದೆ. ಹಬ್ಬದ ರಜೆ ಇದೆಯಾ ಅಂತ ಮಾತ್ರ ಒಮ್ಮೆ ನೋಡಿಕೊಳ್ಳಿ.

ನಾವು ಗೊತ್ತಿಲ್ಲದೆ ಶುಕ್ರವಾರವೇ ಹೋಗಿದ್ದೆವು. ಎರಡು ಮುಚ್ಚಿದ ಬಾಗಿಲು ನೋಡಿ ವಾಪಸ್ ಬಂದೆವು. ನಿಮ್ಮ ಅಮ್ಮನಿಗೆ ಹಾಗಾಗಬಾರದು. ಮದುವೆಗೆ ಒಂದು ದಿನ ಮೊದಲೇ ಬರಲು ಆಗುತ್ತದಾ?

ಹಳೆಗೋಡೆ

ಉಪ್ಪುಗಾಳಿ ಹೇಳಿದ್ದು ಸರಿ, ಬುಧವಾರವೇ ಬನ್ನಿ.

ನಿಮ್ಮ ಅಮ್ಮ ಚರಿತ್ರೆ ಪಾಠ ಮಾಡಿದವರು ಅಂದಿದ್ದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಈ ಊರಿನಲ್ಲಿ ಜಾಗಗಳ ಪಟ್ಟಿಗಿಂತ ಒಂದು ವಿಷಯ ಮುಖ್ಯ. ಪೋರ್ಚುಗೀಸರು, ಡಚ್ಚರು, ಬ್ರಿಟಿಷರು ಮೂವರೂ ಇಲ್ಲಿ ಒಬ್ಬರಾದ ಮೇಲೆ ಒಬ್ಬರು ಬಂದರು. ಬಂದವರು ಹಿಂದಿನವರದ್ದನ್ನು ಒಡೆದರು, ಇಲ್ಲವೇ ತಮ್ಮದು ಮಾಡಿಕೊಂಡರು. ಇದನ್ನು ತಲೆಯಲ್ಲಿಟ್ಟುಕೊಂಡು ಎರಡು ಚರ್ಚು, ಒಂದು ಅರಮನೆ ನೋಡಿದರೂ ಸಾಕು. ಇದಿಲ್ಲದೆ ಹದಿನೈದು ಜಾಗ ಸುತ್ತಿದರೂ ಬರೀ ಫೋಟೋ ಉಳಿಯುತ್ತದೆ.

ಸೇಂಟ್ ಫ್ರಾನ್ಸಿಸ್ ಚರ್ಚ್ ತೆಗೆದುಕೊಳ್ಳಿ. 1503ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದಾಗ ಇಲ್ಲಿದ್ದದ್ದು ಮರದ ಚರ್ಚು. 1516ರಲ್ಲಿ ಕಲ್ಲು ಗಾರೆಯದು ಎದ್ದಿತು. ಆಗ ಅದು ಕ್ಯಾಥೊಲಿಕ್, ಹೆಸರು ಸಂತ ಅಂತೋನಿಯದು. 1663ರಲ್ಲಿ ಡಚ್ಚರು ಊರು ಗೆದ್ದರು. ಅವರು ಪ್ರಾಟೆಸ್ಟೆಂಟರು. ಕೋಟೆಯೊಳಗಿನ ಬೇರೆ ಹೆಚ್ಚಿನ ಚರ್ಚುಗಳನ್ನು ಕೆಡವಿದರು, ಇದೊಂದನ್ನು ತಮ್ಮ ಪ್ರಾರ್ಥನೆಗೆ ಇಟ್ಟುಕೊಂಡರು. 1795ರಲ್ಲಿ ಬ್ರಿಟಿಷರು ಬಂದ ಮೇಲೆ ಇದು ಆಂಗ್ಲಿಕನ್ ಆಯಿತು. ಈಗಿನ ಹೆಸರು ಬಂದದ್ದೂ ಆಮೇಲೆಯೇ. ಇವತ್ತು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದೆ. ಗೋಡೆ ಅದೇ, ಸಭೆ ಮಾತ್ರ ಮೂರು ಸಲ ಬದಲಾಗಿದೆ.

ಒಳಗೆ ಹೋದರೆ ಗೋಡೆಗೆ ನಿಲ್ಲಿಸಿದ ಹಳೆಯ ಸಮಾಧಿ ಕಲ್ಲುಗಳು ಕಾಣುತ್ತವೆ. ಒಂದು ಬದಿಯವು ಪೋರ್ಚುಗೀಸರದ್ದು, ಎದುರು ಬದಿಯವು ಡಚ್ಚರದ್ದು. ಬಲಗಡೆ ನೆಲದಲ್ಲಿ ಸುತ್ತ ಸಣ್ಣ ಬೇಲಿ ಹಾಕಿರುವುದೇ ಗಾಮನ ಜಾಗ. ಅವನು 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡ. ಹದಿನಾಲ್ಕು ವರ್ಷದ ನಂತರ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು. ಹಾಗಾಗಿ ಈಗ ಅಲ್ಲಿರುವುದು ಖಾಲಿ ಸಮಾಧಿ. ಅಮ್ಮನಿಗೆ ಇದು ಗೊತ್ತಿರಬಹುದು.

ತಲೆಯ ಮೇಲೆ ಬಟ್ಟೆಯ ದೊಡ್ಡ ಬೀಸಣಿಗೆಗಳಿವೆ. ಅವುಗಳ ಹಗ್ಗ ಗೋಡೆಯ ತೂತಿನಿಂದ ಹೊರಗೆ ಹೋಗುತ್ತದೆ. ಒಳಗೆ ದೊರೆಗಳು ಪ್ರಾರ್ಥನೆ ಮಾಡುವಾಗ ಹೊರಗೆ ಬಿಸಿಲಿನಲ್ಲಿ ಕೂತು ಯಾರೋ ಹಗ್ಗ ಎಳೆಯುತ್ತಿದ್ದರು. ಆ ತೂತುಗಳನ್ನು ಹೊರಗಡೆಯಿಂದಲೂ ನೋಡಿ. ಯಾರೂ ಅತ್ತ ಹೋಗುವುದೇ ಇಲ್ಲ.

ಸಂಜೆಬಿಸಿಲು

ಚೀನಾ ಬಲೆಗಳ ಹತ್ತಿರ ಸೂರ್ಯಾಸ್ತ ನೋಡುವುದನ್ನು ಮಾತ್ರ ತಪ್ಪಿಸಬೇಡಿ. ಆಕಾಶ ಕೆಂಪಾದಾಗ ಆ ಬಲೆಗಳ ಸಾಲು ಮರೆಯಲಾಗದ ನೋಟ.

ಕಡಲಹಾದಿ

ಕೆಲಸಕ್ಕೆ ಅಂತ ಕೊಚ್ಚಿಗೆ ಬಂದು ಹನ್ನೊಂದು ವರ್ಷವಾಯಿತು. ಸಂಜೆಬಿಸಿಲು ಅವರ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಸಂಜೆ ನೋಟ ಚೆನ್ನಾಗಿದೆ, ಆದರೆ ಕಾಲಿಡಲು ಜಾಗ ಇರುವುದಿಲ್ಲ. ಬಲೆಯ ಕೆಲಸ ನೋಡಬೇಕು ಅಂದರೆ ಬೆಳಿಗ್ಗೆ ಏಳು ಗಂಟೆಗೆ ಬನ್ನಿ. ಆಗ ಅವರು ನಿಜವಾಗಿ ಮೀನು ಹಿಡಿಯುತ್ತಿರುತ್ತಾರೆ. ಪಕ್ಕದಲ್ಲೇ ಮೀನು ಹರಾಜು ಕೂಗುತ್ತಿರುತ್ತಾರೆ. ಮಂಡಿ ನೋವಿರುವವರಿಗೆ ತಂಪು ಹೊತ್ತೇ ಒಳ್ಳೆಯದು ಅಲ್ವಾ?

ಆ ಬಲೆ ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ದಡದಲ್ಲಿ ಮರದ ದಿಮ್ಮಿಗಳ ಚೌಕಟ್ಟು, ತುದಿಯಲ್ಲಿ ನೀರಿನ ಮೇಲೆ ಹರಡಿದ ಬಲೆ. ಹಿಂದೆ ಹಗ್ಗಗಳಲ್ಲಿ ಬೇರೆ ಬೇರೆ ಎತ್ತರಕ್ಕೆ ದೊಡ್ಡ ಕಲ್ಲುಗಳನ್ನು ಕಟ್ಟಿರುತ್ತಾರೆ. ಒಬ್ಬ ದಿಮ್ಮಿಯ ಮೇಲೆ ನಡೆದು ಮುಂದೆ ಹೋದರೆ ಸಾಕು, ಅವನ ಭಾರಕ್ಕೇ ಬಲೆ ನೀರಿಗೆ ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನಾಲ್ಕೈದು ಜನ ಸೇರಿ ಹಗ್ಗ ಎಳೆಯುತ್ತಾರೆ. ಬಲೆ ಮೇಲೇರುತ್ತಿದ್ದ ಹಾಗೆ ಕಲ್ಲುಗಳು ಒಂದೊಂದಾಗಿ ನೆಲ ಮುಟ್ಟುತ್ತವೆ. ಪ್ರತಿ ಎಳೆತಕ್ಕೂ ಭಾರ ತಾನಾಗಿ ಸರಿಹೊಂದುತ್ತದೆ. ಇಷ್ಟು ದೊಡ್ಡ ಯಂತ್ರಕ್ಕೆ ಮೋಟರ್ ಬೇಡ! ಚೀನಾದ ವ್ಯಾಪಾರಿಗಳು ತಂದರು ಅಂತ ಒಂದು ಮಾತಿದೆ, ಮಕಾವಿನಿಂದ ಪೋರ್ಚುಗೀಸರು ತಂದರು ಅಂತ ಇನ್ನೊಂದಿದೆ.

ಎಳೆಯುವವರು ನಿಮ್ಮನ್ನೂ ಕರೆಯುತ್ತಾರೆ. ಹಗ್ಗ ಹಿಡಿದರೆ ಕೊನೆಗೆ ಸ್ವಲ್ಪ ಹಣ ಕೇಳುತ್ತಾರೆ. ಕೊಡಿ, ಅದು ಅವರ ದುಡಿಮೆ. ಎಷ್ಟು ಅಂತ ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ಬೇಸರ ಇಲ್ಲ.

ಬರುವ ದಾರಿ: ರಸ್ತೆಯಲ್ಲಿ ಬರಬೇಡಿ, ನೀರಿನ ಮೇಲೆ ಬನ್ನಿ. ಎರ್ನಾಕುಳಂ ಜೆಟ್ಟಿಯಿಂದ ಸರ್ಕಾರಿ ಬೋಟ್ ಇದೆ, ಹೈಕೋರ್ಟ್ ಟರ್ಮಿನಲ್‌ನಿಂದ ವಾಟರ್ ಮೆಟ್ರೋ ಇದೆ. ಎರಡರಲ್ಲೂ ಸುಮಾರು ಇಪ್ಪತ್ತು ನಿಮಿಷ. ನನಗೆ ಹಳೆ ಬೋಟೇ ಇಷ್ಟ, ಆದರೆ ಅದಕ್ಕೆ ಹತ್ತುವಾಗ ಹೆಜ್ಜೆ ಎತ್ತಿ ಇಡಬೇಕು. ವಾಟರ್ ಮೆಟ್ರೋದಲ್ಲಿ ಜೆಟ್ಟಿಯೇ ತೇಲುತ್ತದೆ, ಉಬ್ಬರ ಇಳಿತದ ಜೊತೆ ಏರಿ ಇಳಿಯುತ್ತದೆ. ಹಾಗಾಗಿ ಬೋಟಿನ ನೆಲವೂ ಜೆಟ್ಟಿಯ ನೆಲವೂ ಒಂದೇ ಮಟ್ಟ. ಅಮ್ಮನಿಗೆ ಅದೇ ಸರಿ. ಮೊದಲ ಬೋಟ್ ಎಷ್ಟು ಹೊತ್ತಿಗೆ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ.

ಬೆಳಿಗ್ಗೆ ಬಲೆ, ಆಮೇಲೆ ಚರ್ಚುಗಳು. ಬಿಸಿಲೇರುವ ಮುಂಚೆ ಆಟೋದಲ್ಲಿ ಮಟ್ಟಂಚೇರಿ. ಮಧ್ಯೆ ಎರಡು, ಎರಡೂವರೆ ಕಿಲೋಮೀಟರ್ ದೂರ ಇದೆ. ನಡೆಸಬೇಡಿ.

ಹೊಳೆದಂಡೆ

ಇಷ್ಟು ಪ್ರೀತಿಯಿಂದ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಟಿಕೆಟ್ ಬದಲಾಯಿಸಿದೆ. ಬುಧವಾರ ಬೆಳಿಗ್ಗೆಯೇ ತಲುಪುತ್ತೇವೆ. ಅಮ್ಮನಿಗೆ ಇಲ್ಲಿನ ಉತ್ತರಗಳನ್ನು ಓದಿ ಹೇಳಿದೆ. ಅವರು ಹಳೆಗೋಡೆ ಅವರಿಗೆ ಒಂದು ಪ್ರಶ್ನೆ ಕಳಿಸಿದ್ದಾರೆ: "ಗಾಮ ಮೊದಲು ಇಳಿದದ್ದು ಕಲ್ಲಿಕೋಟೆಯ ಹತ್ತಿರ. ಹಾಗಿದ್ದ ಮೇಲೆ ಕೋಟೆ ಕೊಚ್ಚಿಯಲ್ಲಿ ಯಾಕೆ ಎದ್ದಿತು, ಅದನ್ನು ಆ ಊರಿನಲ್ಲಿ ನೋಡಿ ತಿಳಿಯಬಹುದಾ?"

ಹಳೆಗೋಡೆ

ಎಂಥ ಒಳ್ಳೆಯ ಪ್ರಶ್ನೆ. ನೋಡಿ ತಿಳಿಯಬಹುದು. ಅದಕ್ಕೆ ಮಟ್ಟಂಚೇರಿಗೆ ಹೋಗಬೇಕು.

1498ರಲ್ಲಿ ಗಾಮ ಬಂದಾಗ ಕಲ್ಲಿಕೋಟೆಯ ಸಾಮೂದಿರಿ ದೊಡ್ಡ ರಾಜ, ಕೊಚ್ಚಿಯ ರಾಜ ಅವನ ಮುಂದೆ ಸಣ್ಣವನು. ಸಾಮೂದಿರಿಗೂ ಪೋರ್ಚುಗೀಸರಿಗೂ ಹೊಂದಲಿಲ್ಲ. 1500ರಲ್ಲಿ ಪೋರ್ಚುಗೀಸ್ ನಾಯಕ ಕಬ್ರಾಲ್‌ನ ಹಡಗುಗಳು ಕೊಚ್ಚಿಗೆ ಬಂದವು. ಸಾಮೂದಿರಿಯ ಕಾಟದಿಂದ ಪಾರಾಗಲು ಕೊಚ್ಚಿಯ ರಾಜ ಇವರ ಕೈ ಹಿಡಿದ. ಮೂರೇ ವರ್ಷದಲ್ಲಿ ಕೋಟೆಗೆ ಜಾಗ ಕೊಟ್ಟ. ಯುರೋಪಿನವರು ಇಂಡಿಯಾದಲ್ಲಿ ಕಟ್ಟಿದ ಮೊದಲ ಕೋಟೆ ಅದು.

ಆ ಗೆಳೆತನದ ಗುರುತೇ ಮಟ್ಟಂಚೇರಿ ಅರಮನೆ. 1555ರ ಸುಮಾರಿಗೆ ಪೋರ್ಚುಗೀಸರು ಕಟ್ಟಿಸಿ ರಾಜ ವೀರ ಕೇರಳ ವರ್ಮನಿಗೆ ಕೊಟ್ಟರು. 1663ರ ನಂತರ ಡಚ್ಚರು ರಿಪೇರಿ ಮಾಡಿಸಿದರು. ಅಷ್ಟಕ್ಕೇ ಅದಕ್ಕೆ ಡಚ್ ಅರಮನೆ ಅನ್ನುವ ಹೆಸರು ಅಂಟಿಕೊಂಡಿತು. ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಮಧ್ಯದ ಅಂಗಳದಲ್ಲಿ ರಾಜಮನೆತನದ ಕುಲದೇವತೆ ಪಳಯನ್ನೂರ್ ಭಗವತಿಯ ಗುಡಿ ಇದೆ. ಸುತ್ತ ಕೇರಳದ ನಾಲುಕೆಟ್ಟು, ಅಂದರೆ ಅಂಗಳದ ನಾಲ್ಕೂ ಕಡೆ ಕಟ್ಟಿದ ತೊಟ್ಟಿಮನೆ. ಹೊರಗಿನ ಬಿಳಿ ಗೋಡೆ, ಕಮಾನು ಮಾತ್ರ ಯುರೋಪಿನದು.

ರಾಜನ ಮಲಗುವ ಕೋಣೆಯ ಗೋಡೆಯಲ್ಲಿ ರಾಮಾಯಣ ಇದೆ. ಒಂದಿಂಚೂ ಖಾಲಿ ಬಿಡದೆ ತುಂಬಿದ್ದಾರೆ. ಕೆಂಪು, ಹಳದಿ, ಹಸಿರು. ಕತೆ ಗೊತ್ತಿದ್ದವರಿಗೆ ಅಲ್ಲಿ ಅರ್ಧ ಗಂಟೆ ಸಾಲದು. ನೆಲವನ್ನೂ ನೋಡಿ. ಕಪ್ಪು ಅಮೃತಶಿಲೆ ಅನ್ನಿಸುತ್ತದೆ, ಆದರೆ ಕಲ್ಲಲ್ಲ. ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡದ ರಸ, ಮೊಟ್ಟೆಯ ಬಿಳಿ ಸೇರಿಸಿ ಮಾಡಿದ್ದು. ಫೋಟೋ ತೆಗೆಯಲು ಬಿಡುವುದಿಲ್ಲ. ಹಾಗಾಗಿ ಸುಮ್ನೆ ನಿಂತು ನೋಡುವುದೊಂದೇ ದಾರಿ.

ಒಳಗೆ ಹೋಗಲು ಮೆಟ್ಟಿಲು ಹತ್ತಬೇಕು. ಆ ದಿನದ ಮಂಡಿಯ ಶಕ್ತಿಯನ್ನು ಇದಕ್ಕೇ ಉಳಿಸಿಕೊಳ್ಳಲು ಅಮ್ಮನಿಗೆ ಹೇಳಿ.

ಮನೆಮಾತು

ಅರಮನೆಯ ಪಕ್ಕದಲ್ಲೇ ಸಿನಗಾಗ್ ಇದೆ, ಅದನ್ನು ಬಿಡಬೇಡಿ. 1568ರಲ್ಲಿ ಕಟ್ಟಿದ್ದು. ಅರಮನೆಯ ಗುಡಿಗೂ ಇದಕ್ಕೂ ಮಧ್ಯೆ ಇರುವುದು ಒಂದು ಗೋಡೆ ಅಷ್ಟೇ. ನೆಲಕ್ಕೆ ಹಾಸಿದ ನೀಲಿ ಬಿಳಿ ಬಿಲ್ಲೆಗಳು ಚೀನಾದ ಕ್ಯಾಂಟನ್‌ನಿಂದ ಬಂದವು. ಕೈಯಲ್ಲೇ ಚಿತ್ರ ಬರೆದಿದ್ದಾರೆ, ಒಂದರ ಹಾಗೆ ಇನ್ನೊಂದಿಲ್ಲ. ಅದಕ್ಕೇ ಚಪ್ಪಲಿ ಹೊರಗೆ ಬಿಡಬೇಕು. 1760ರಲ್ಲಿ ಕಟ್ಟಿದ ಗಡಿಯಾರದ ಗೋಪುರದಲ್ಲಿ ಹೀಬ್ರೂ, ರೋಮನ್, ಮಲಯಾಳಂ ಅಂಕಿಗಳಿವೆ. ಕೆಳಗೆ ವ್ಯಾಪಾರಕ್ಕೆ ಬಂದ ಎಲ್ಲರೂ ಹೊತ್ತು ನೋಡಿಕೊಳ್ಳಬಹುದಿತ್ತು. 1968ರಲ್ಲಿ ನಾನೂರು ವರ್ಷ ತುಂಬಿದಾಗ ಇಂದಿರಾ ಗಾಂಧಿ ಬಂದಿದ್ದರು, ಅಂಚೆಚೀಟಿಯೂ ಬಂತು. ಆ ಹೊತ್ತಿಗಾಗಲೇ ಇಲ್ಲಿನ ಯಹೂದಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೊರಟಿದ್ದರು. ಬೀದಿಯ ಹೆಸರು ಉಳಿದಿದೆ, ಮನೆಗಳು ಅಂಗಡಿಗಳಾಗಿವೆ.

ಇನ್ನೊಂದು ವಿಷಯ. ನಮ್ಮ ಮನೆಮಾತು ಕೊಂಕಣಿ, ಇರುವುದು ಉತ್ತರ ಕನ್ನಡದಲ್ಲಿ. ಗೋವಾದಲ್ಲಿ ಪೋರ್ಚುಗೀಸರ ಕಾಟ ತಡೆಯದೆ ನಮ್ಮವರು ಕರಾವಳಿ ಹಿಡಿದು ದಕ್ಷಿಣಕ್ಕೆ ಬಂದರು. ಕೆಲವರು ನಮ್ಮ ಕಡೆ ನಿಂತರು, ಕೆಲವರು ಕೊಚ್ಚಿಯ ತನಕ ಹೋದರು. ಮಟ್ಟಂಚೇರಿಯ ಚೆರ್ಲಾಯಿಯಲ್ಲಿ ಅವರ ತಿರುಮಲ ದೇವಸ್ಥಾನ ಇದೆ. ಸುತ್ತಲಿನ ಕೇರಿಯಲ್ಲಿ ಕೊಂಕಣಿ ಕಿವಿಗೆ ಬಿದ್ದಾಗ ನನಗೆ ಗಂಟಲು ಕಟ್ಟಿತು.

ಅಲ್ಲಿನ ಮೂವರು ಕೊಂಕಣಿ ವೈದ್ಯರು, ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್, ಡಚ್ ಗವರ್ನರ್ ವಾನ್ ರೀಡ್‌ನ ಗಿಡಮೂಲಿಕೆ ಗ್ರಂಥಕ್ಕೆ ನೆರವಾದರು. 'ಹೋರ್ಟಸ್ ಮಲಬಾರಿಕಸ್' ಅಂತ ಅದರ ಹೆಸರು. 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟ ಅಚ್ಚಾಯಿತು. ಮುಖ್ಯ ನೆರವು ಇಟ್ಟಿ ಅಚ್ಯುದನ್ ಅನ್ನುವ ಈಳವ ವೈದ್ಯರದು. ನಮ್ಮ ಮೂವರು ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಕೊಂಕಣಿ ಪ್ರಮಾಣಪತ್ರ ಮೊದಲ ಸಂಪುಟದಲ್ಲೇ ಇದೆ. ಪೋರ್ಚುಗೀಸರಿಂದ ಓಡಿ ಬಂದವರ ಮಾತು ಹೀಗೆ ಡಚ್ಚರ ಪುಸ್ತಕದಲ್ಲಿ ಅಚ್ಚಾಯಿತು.

ಕರಾವಳಿಹುಡುಗಿ

ನಾನು ಮಂಗಳೂರಿನವಳು. ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ನೋಡುತ್ತಾ ಬೆಳೆದವಳು. ಅವನ್ನು ಬರೆದವರು ಇಟಲಿಯ ಅಂತೋನಿಯೊ ಮೊಸ್ಕೇನಿ, 1899ರಲ್ಲಿ ಶುರು ಮಾಡಿದ್ದು. ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಸ್ ಬಸಿಲಿಕಾದ ಚಿತ್ರಗಳೂ ಅದೇ ಕೈಯವು! ಒಳಗೆ ಕಾಲಿಟ್ಟ ತಕ್ಷಣ ಆ ಬಣ್ಣಗಳು ನನಗೆ ಗುರುತು ಸಿಕ್ಕವು. 1905ರಲ್ಲಿ ಆ ಚರ್ಚಿನ ಪ್ರತಿಷ್ಠೆಗೆ ಕೆಲವೇ ದಿನ ಇರುವಾಗ ಮೊಸ್ಕೇನಿ ಕೊಚ್ಚಿಯಲ್ಲೇ ತೀರಿಕೊಂಡರು. ತಾವು ಬಣ್ಣ ಹಾಕಿದ ಚರ್ಚಿನಲ್ಲಿ ಮೊದಲ ಹಬ್ಬ ನೋಡಲಿಲ್ಲ.

ಈಗಿನದು ಹೊಸ ಕಟ್ಟಡ. ಪೋರ್ಚುಗೀಸರ ಹಳೆಯ ಸಾಂತಾ ಕ್ರೂಸ್ ಅನ್ನು ಡಚ್ಚರು ಮದ್ದುಗುಂಡಿನ ಕೋಠಿ ಮಾಡಿಕೊಂಡಿದ್ದರು, ಬ್ರಿಟಿಷರು ಬಂದ ಮೇಲೆ ಕೆಡವಿದರು. ಅದರ ಒಂದು ಕಲ್ಲಿನ ಕಂಬ ಆವರಣದ ಮೂಲೆಯಲ್ಲಿ ನಿಂತಿದೆ. ಅಮ್ಮನಿಗೆ ಖಂಡಿತ ತೋರಿಸಿ. ಮೆಟ್ಟಿಲು ಕಷ್ಟವಿಲ್ಲ.

ತೆಂಕುತಿಟ್ಟು

ಸಂಜೆ ಏನು ಮಾಡುವುದು ಅಂತ ಯಾರೂ ಹೇಳಲಿಲ್ಲ. ಕಥಕಳಿ ನೋಡಿ. ಪ್ರವಾಸಿಗರಿಗಾಗಿ ಚಿಕ್ಕದು ಮಾಡಿದ ಆಟವೇ, ಆದರೂ ಬಣ್ಣ ಹಚ್ಚುವುದನ್ನು ಎದುರಿಗೆ ಕೂತು ನೋಡಬಹುದು. ಆಟಕ್ಕೆ ಒಂದು ಗಂಟೆ ಮೊದಲೇ ಹೋಗಿ. ಯಕ್ಷಗಾನದ ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆ) ಕೂತು ಬೆಳೆದ ನನಗೆ ಆಟಕ್ಕಿಂತ ಅದೇ ಹೆಚ್ಚು ಹಿಡಿಸಿತು. ಯಕ್ಷಗಾನದಲ್ಲಿ ಕಲಾವಿದ ಕೂತು ತಾನೇ ಬರೆದುಕೊಳ್ಳುತ್ತಾನೆ. ಇಲ್ಲಿ ಅವನು ಮಲಗುತ್ತಾನೆ, ಚುಟ್ಟಿ ಕಟ್ಟುವವನು ಗಲ್ಲದ ಸುತ್ತ ಅಕ್ಕಿಹಿಟ್ಟಿನ ಲೇಪದಿಂದ ಬಿಳಿ ಅಂಚು ಎಬ್ಬಿಸುತ್ತಾನೆ. ಕೊನೆಗೆ ಕಣ್ಣಿಗೆ ಒಂದು ಸಣ್ಣ ಬೀಜ ಹಾಕಿಕೊಳ್ಳುತ್ತಾರೆ. ಕಣ್ಣು ಕೆಂಪಾಗುತ್ತದೆ. ನಾಯಕರಿಗೆ ಹಸಿರು ಮುಖ, ಅದರಲ್ಲಿ ಆ ಕೆಂಪು ಕಣ್ಣು. ಮಾತಿಲ್ಲದ ಆಟಕ್ಕೆ ಆ ಕಣ್ಣೇ ಮಾತು.

ಉಪ್ಪುಗಾಳಿ

ಒಂದು ಎಚ್ಚರಿಕೆ. ತುಂಬಾ ಕಡಿಮೆ ದುಡ್ಡಿಗೆ ಇಡೀ ಊರು ತೋರಿಸುತ್ತೇನೆ ಅನ್ನುವ ಆಟೋ ಹತ್ತಬೇಡಿ. ನಮ್ಮನ್ನು ಒಬ್ಬರು ಮೂರು ಅಂಗಡಿ ಸುತ್ತಿಸಿದರು, ಎರಡು ಗಂಟೆ ಹೋಯಿತು. "ಅಂಗಡಿ ಬೇಡ" ಅಂತ ಹತ್ತುವ ಮೊದಲೇ ಹೇಳಿ.

ಹೊಳೆದಂಡೆ

ಹೋಗಿ ಬಂದೆವು! ಅಮ್ಮ ಪಕ್ಕದಲ್ಲಿ ಕೂತು ಹೇಳುತ್ತಿದ್ದಾರೆ, ನಾನು ಟೈಪ್ ಮಾಡುತ್ತಿದ್ದೇನೆ.

ವಾಟರ್ ಮೆಟ್ರೋದಲ್ಲಿ ಅಮ್ಮ ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿದರು. ಲಗೇಜು ಇಟ್ಟು ಹೊರಡುವಾಗ ತಡವಾಗಿತ್ತು, ಏಳು ಗಂಟೆಯ ಬಲೆ ಸಿಗಲಿಲ್ಲ. ಆದರೂ ಒಂದು ಬಲೆ ನಡೆಯುತ್ತಿತ್ತು. ಕಡಲಹಾದಿ ಹೇಳಿದ ಕಲ್ಲುಗಳನ್ನು ಅಮ್ಮ ಒಂದೊಂದಾಗಿ ಎಣಿಸಿದರು. ಸಿಕ್ಕ ಮೀನು ಒಂದು ಹಿಡಿ ಅಷ್ಟೇ. ಅವರ ಮುಖ ನೋಡಿ ನನಗೆ ಸಂಕಟವಾಯಿತು.

ಸೇಂಟ್ ಫ್ರಾನ್ಸಿಸ್‌ನಲ್ಲಿ ಒಂದು ಗಂಟೆ ಕಳೆದೆವು. ಗಾಮನ ಕಲ್ಲಿನ ಎದುರು ಬೆಂಚಿನಲ್ಲಿ ಅಮ್ಮ ತುಂಬಾ ಹೊತ್ತು ಕೂತರು. ಆಮೇಲೆ "ಪಾಠದಲ್ಲಿ ಇವನು ಬಂದ ಅಂತ ಒಂದು ಸಾಲು ಇತ್ತು. ಅವನ ಹಡಗಿಗೆ ಸಿಕ್ಕಿ ಸತ್ತವರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನೂ ಮಕ್ಕಳಿಗೆ ಹೇಳಲಿಲ್ಲ" ಅಂದರು. 1502ರಲ್ಲಿ ಮೆಕ್ಕಾದಿಂದ ಬರುತ್ತಿದ್ದ ಯಾತ್ರಿಕರ ಹಡಗಿಗೆ ಗಾಮ ಬೆಂಕಿ ಹಾಕಿಸಿದ್ದನ್ನು ಅವರು ನೆನೆಸುತ್ತಿದ್ದರು. ಹೊರಗೆ ಬಂದು ಬೀಸಣಿಗೆಯ ಹಗ್ಗದ ತೂತುಗಳನ್ನು ಹುಡುಕಿದೆವು. ಸಿಕ್ಕವು.

ಬಸಿಲಿಕಾದ ಕಂಬವನ್ನೂ ನೋಡಿದೆವು. ಕರಾವಳಿಹುಡುಗಿ ಅವರೇ, ಅಮ್ಮ ಅದನ್ನು ಮುಟ್ಟಿ ನೋಡಿದರು.

ಅರಮನೆಯ ಮೆಟ್ಟಿಲಿಗೆ ಹತ್ತು ನಿಮಿಷ ಬೇಕಾಯಿತು, ಅವಸರ ಮಾಡಲಿಲ್ಲ. ಚಿತ್ರಗಳ ಮುಂದೆ ಅಮ್ಮ ಕತೆ ಹೇಳಲು ಶುರು ಮಾಡಿದರು. ಪಕ್ಕದಲ್ಲಿದ್ದ ಶಾಲೆ ಮಕ್ಕಳು ಸುತ್ತ ಸೇರಿದರು. ಅವರು ಮಲಯಾಳಂ, ಇವರು ಕನ್ನಡ. ಜಟಾಯು, ಹನುಮಂತ ಅನ್ನುವ ಹೆಸರುಗಳಷ್ಟೇ ಇಬ್ಬರಿಗೂ ಗೊತ್ತಿದ್ದದ್ದು, ಆದರೂ ಕತೆ ಮುಂದೆ ಹೋಯಿತು. ಅವರ ಟೀಚರ್ ಬಂದು ಅಮ್ಮನಿಗೆ ಕೈ ಮುಗಿದರು.

ಸಿನಗಾಗ್ ಬೇಗ ಮುಗಿಸಿದೆವು, ಜನ ಜಾಸ್ತಿ ಇದ್ದರು. ತಿರುಮಲ ದೇವಸ್ಥಾನಕ್ಕೆ ಹೋಗಲು ಆಗಲಿಲ್ಲ, ಬೇಸರವಿದೆ. ಡಚ್ಚರ ಸ್ಮಶಾನಕ್ಕೆ ಬೀಗ, ಗೇಟಿನ ಹೊರಗಿಂದ ನೋಡಿದೆವು. ಸಂಜೆ ಕಥಕಳಿಯ ಬಣ್ಣ ನೋಡಿ, ಆಟ ಅರ್ಧದಲ್ಲೇ ಬಿಟ್ಟು ಬಂದೆವು. ಮರುದಿನ ಮದುವೆ ಇತ್ತಲ್ಲ.

ಮಳೆಬಿಲ್ಲು

ಓದಿ ತುಂಬಾ ಖುಷಿಯಾಯಿತು. ನಮಗೆ ರಜೆ ಸಿಗುವುದು ಜೂನ್‌ನಲ್ಲಿ ಮಾತ್ರ. ಆಗ ಹೋಗಬಹುದಾ?

ಕಡಲಹಾದಿ

ಹೋಗಬಹುದು. ಕಡಲ ಬದಿಯ ನಡಿಗೆ ದಾರಿಯನ್ನು ಲೆಕ್ಕದಿಂದ ಬಿಡಿ, ಅಲೆ ಒರಟಾಗಿರುತ್ತದೆ. ಚರ್ಚು, ಅರಮನೆ, ಸಿನಗಾಗ್ ಎಲ್ಲವೂ ಒಳಗಿನವು, ಮಳೆಗೆ ತೊಂದರೆಯಿಲ್ಲ, ಜನವೂ ಕಡಿಮೆ. ಬೋಟ್ ಹೊರಡುತ್ತದಾ ಅಂತ ಅದೇ ದಿನ ಬೆಳಿಗ್ಗೆ ಕೇಳಿಕೊಳ್ಳಿ. ಬೀದಿಯ ದೊಡ್ಡ ಮಳೆಮರಗಳ ಕೆಳಗೆ ಕೊಡೆ ಹಿಡಿದು ನಿಂತರೆ, ಮಳೆ ನಿಂತು ಹತ್ತು ನಿಮಿಷವಾದರೂ ಹನಿ ಬೀಳುತ್ತಲೇ ಇರುತ್ತದೆ. ನಿಮ್ಮದು ಯಾವ ವಾರ ಅಂತ ತಿಳಿಸಿ, ನಾನು ಊರಲ್ಲೇ ಇರುತ್ತೇನೆ.